ಹುತಾತ್ಮರಿಗೆ ಸೌಧ, ಉಳಿದವರಿಗೆ?

ಬಾಗಲಗುಂಟೆಯಿಂದ ಹೆಸರಘಟ್ಟ ರಸ್ತೆ ಹಿಡಿದು, ದೊಡ್ಡಬಳ್ಳಾಪುರ ದಾಟಿ ಗೌರಿಬಿದನೂರಿನ ಕಡೆ ಹೋದರೆ ವಿದುರಾಶ್ವತ್ಥ ಸಿಗುತ್ತದೆ. ನಮ್ಮ ಎಂ.ಇ.ಐ. ಬಡಾವಣೆಯ ಕಡೆಯಿಂದ ಅಲ್ಲಿಗೆ ಹೋಗುವವರು ಸಾಮಾನ್ಯವಾಗಿ ನಾಗರಕಲ್ಲಿಗೆ ಹಾಲೆರೆದು, ಪ್ರಸಾದ ತಿಂದು, ಕತ್ತಲಾಗುವ ಮೊದಲು ಮನೆ ಸೇರುವ ಲೆಕ್ಕ ಹಾಕುತ್ತಾರೆ. ಅಲ್ಲೇ ಇರುವ ವೀರಸೌಧಕ್ಕೂ ಒಂದು ಗಳಿಗೆ ಕೊಡಬೇಕು. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆಂದು ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದ ಊರು ಇದು. ಸತ್ತವರು 32 ಮಂದಿ ಎಂಬುದು ಜನ ಹೇಳುತ್ತ ಬಂದ ಲೆಕ್ಕ. ಸರ್ಕಾರ ಒಪ್ಪಿಕೊಂಡದ್ದು ಅದಕ್ಕಿಂತ ಬಹಳ ಕಡಿಮೆ. ಸುದ್ದಿ ಗಾಂಧೀಜಿಗೆ ಮುಟ್ಟಿ, ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬೆಂಗಳೂರಿಗೆ ಬಂದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತುಕತೆ ನಡೆದು, ಸಂಸ್ಥಾನದ ಧ್ವಜದ ಪಕ್ಕದಲ್ಲಿ ಕಾಂಗ್ರೆಸ್ ಧ್ವಜವನ್ನೂ ಹಾರಿಸಬಹುದೆಂದು ಒಪ್ಪಂದವಾಯಿತು.

ಸ್ಮಾರಕ ಬಂದದ್ದು ಎಷ್ಟೋ ವರ್ಷಗಳ ಮೇಲೆ, ಚಿತ್ರ ಗ್ಯಾಲರಿ ಇನ್ನೂ ತಡವಾಗಿ. ಗೋಡೆಯ ಮೇಲಿನ ಚಿತ್ರಗಳಲ್ಲಿ ದೇಶದ ಸ್ವಾತಂತ್ರ್ಯ ಚಳವಳಿಯ ದೊಡ್ಡ ಕಥೆಯಿದೆ. ನೋಡುವವನ ಮನಸ್ಸು ಮಾತ್ರ ಸಣ್ಣ ಕಥೆಗಳನ್ನು ಹುಡುಕುತ್ತದೆ: ಆ ದಿನ ಬಿದ್ದವರು ಎಷ್ಟು ಎಕರೆ ಉಳುತ್ತಿದ್ದರು, ಅವರ ಹೆಂಡಿರು ಮಕ್ಕಳು ಆಮೇಲೆ ಹೇಗೆ ಬದುಕಿದರು? ಮದ್ದೂರು ಬಳಿಯ ಶಿವಪುರದ ಸತ್ಯಾಗ್ರಹ ಸೌಧದ ಮುಂದೆ ನಿಂತಾಗಲೂ, ತನ್ನ ಐವರನ್ನು 1943ರಲ್ಲಿ ಗಲ್ಲಿಗೆ ಕಳೆದುಕೊಂಡ ಈಸೂರಿನಲ್ಲೂ ಇದೇ ಪ್ರಶ್ನೆ ಏಳುತ್ತದೆ.

ಹೋರಾಡಿ ಸತ್ತವರನ್ನಷ್ಟೇ ನೆನೆಯುವ ಈ ರೂಢಿಗೆ ಹಳೆಯ ಬೇರಿದೆ. ಸತ್ತವರಿಗೆ ಕಲ್ಲು ನಿಲ್ಲಿಸುವುದು ಕನ್ನಡ ನೆಲಕ್ಕೆ ಯಾರೂ ಕಲಿಸಬೇಕಿಲ್ಲ. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಕಲ್ಲಿದೆ. ಹತ್ತನೆಯ ಶತಮಾನದ್ದು. ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗಾಗಿ ಹಾಕಿಸಿದ್ದು; ನಾಯಿಯೂ ಹಂದಿಯೂ ಮೈಮೇಲೆ ಬಿದ್ದು ಹೊಡೆದಾಡುತ್ತಿರುವಂತೆ ಕೆತ್ತಿದ್ದಾರೆ. ನಾಯಿಯಾದರೇನು, ಹೋರಾಡಿ ಸತ್ತರೆ ಕಲ್ಲು ಸಿಗುತ್ತದೆ. ಬರದಲ್ಲಿ, ಪ್ಲೇಗಿನಲ್ಲಿ ಸುಮ್ಮನೆ ಸತ್ತವರಿಗೆ ವೀರಗಲ್ಲಿಲ್ಲ. ನಮ್ಮ ಸೌಧಗಳು ಇಂದಿಗೂ ಹೆಚ್ಚುಕಡಿಮೆ ಇದೇ ನಿಯಮದ ಮೇಲೆ ನಿಂತಿವೆ.

ದೇಶದ ಮಟ್ಟದಲ್ಲೂ ಮೊದಲ ಹಂತ ಹೀಗೇ. 1919ರ ಜಲಿಯನ್‌ವಾಲಾ ಬಾಗ್‌ಗೆ 1951ರಲ್ಲಿ ಕಾಯಿದೆಯ ಮೂಲಕ ಟ್ರಸ್ಟ್ ಬಂತು, 1961ರಲ್ಲಿ ಸ್ಮಾರಕ ಸ್ತಂಭ. ಅಂಡಮಾನಿನ ಸೆಲ್ಯುಲಾರ್ ಜೈಲು 1979ರಲ್ಲಿ ರಾಷ್ಟ್ರೀಯ ಸ್ಮಾರಕವಾಯಿತು. ಜಲಿಯನ್‌ವಾಲಾ ಬಾಗ್‌ನ ನವೀಕರಣ 2021ರಲ್ಲಿ ಮುಗಿದಾಗ, ಡೈಯರನ ಸೈನಿಕರು ಒಳನುಗ್ಗಿದ ಇಕ್ಕಟ್ಟಾದ ಓಣಿಯ ಗೋಡೆಗಳಿಗೆ ಉಬ್ಬುಶಿಲ್ಪಗಳು ಬಂದಿದ್ದವು. ಇತಿಹಾಸಕಾರರು ಸಿಟ್ಟಾದರು. ಸಿಟ್ಟು ನ್ಯಾಯವಾದದ್ದೇ. ಆ ಓಣಿಯ ಬರಿಗೋಡೆಗಿಂತ ಹೆಚ್ಚಿನದನ್ನು ಯಾವ ಶಿಲ್ಪಿಯೂ ಹೇಳಲಾರ.

ಹೊರಗಿನ ಜಗತ್ತು ಅಷ್ಟರಲ್ಲಿ ಬೇರೆ ದಾರಿ ಹಿಡಿದಿತ್ತು. ಹಿರೋಶಿಮಾದ ಮ್ಯೂಸಿಯಂ 1955ರಲ್ಲಿ ತೆರೆಯಿತು. ಸುಟ್ಟ ಚರ್ಮ ಜೋತಾಡುವ ಗೊಂಬೆಗಳನ್ನು ಅಲ್ಲಿ ಬಹುಕಾಲ ಇಟ್ಟಿದ್ದರು. 2017ರಲ್ಲಿ ಅವನ್ನು ತೆಗೆದು, ಸತ್ತವರ ಬಟ್ಟೆ, ಊಟದ ಡಬ್ಬಿ, ಒಂದು ಮಗುವಿನ ಮೂರುಗಾಲಿ ಸೈಕಲ್ಲಿನಂಥ ನಿಜ ವಸ್ತುಗಳಿಗೇ ಒತ್ತು ಕೊಟ್ಟರು. ಅಮೃತಸರದ ಟೌನ್‌ಹಾಲಿನಲ್ಲಿ 2017ರಲ್ಲಿ ಪೂರ್ತಿಯಾಗಿ ತೆರೆದ ವಿಭಜನೆಯ ಮ್ಯೂಸಿಯಂ ನಡೆದದ್ದೂ ಇದೇ ಹಾದಿಯಲ್ಲಿ. ಫುಲ್ಕಾರಿ ಕಸೂತಿಯ ಒಂದು ಕೋಟು, ಒಂದು ಚರ್ಮದ ಪೆಟ್ಟಿಗೆ: ನಿಶ್ಚಿತಾರ್ಥವಾಗಿ, ಗಲಭೆಯಲ್ಲಿ ಚೆಲ್ಲಾಪಿಲ್ಲಿಯಾಗಿ, ನಿರಾಶ್ರಿತರ ಶಿಬಿರದಲ್ಲಿ ಮತ್ತೆ ಸಿಕ್ಕ ಹುಡುಗಿ ಹುಡುಗನವು. ಭುಜ್‌ನಲ್ಲಿ 2001ರ ಭೂಕಂಪಕ್ಕೆ ಮೀಸಲಾದ ಸ್ಮೃತಿವನ 2022ರಲ್ಲಿ ಬಂತು. ಅದು ಸರ್ಕಾರದ್ದು, ಭವ್ಯವಾದದ್ದು. ಭೂಕಂಪಕ್ಕೆ ಹೊಣೆ ಯಾರೆಂದು ಕೇಳುವ ತಾಪತ್ರಯವೂ ಅಷ್ಟಾಗಿ ಇಲ್ಲ.

ತಾಪತ್ರಯ ಇರುವುದು ಭೋಪಾಲದಲ್ಲಿ. ಪೀಣ್ಯದ ಶೆಡ್ಡುಗಳ ಮಗ್ಗುಲಲ್ಲಿ ಬದುಕುವ ನಮಗೆ ಇದೇ ಎಲ್ಲಕ್ಕಿಂತ ಹತ್ತಿರದ್ದು. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ಟ್ಯಾಂಕಿಗೆ ನೀರು ಸೇರಿ, ಮೀಥೈಲ್ ಐಸೋಸಯನೇಟ್ ಬಿಸಿಯೇರಿ ಹೊರನುಗ್ಗಿತು. ಮಲಗಿದ್ದ ಬಸ್ತಿಗಳಲ್ಲಿ ಸಾವಿರಾರು ಜನ ಸತ್ತರು. ಸರಿಯಾಗಿ ಮೂವತ್ತು ವರ್ಷದ ಮೇಲೆ, 2014ರ ಡಿಸೆಂಬರ್‌ನಲ್ಲಿ ತೆರೆದ ‘ರಿಮೆಂಬರ್ ಭೋಪಾಲ್’ ಮ್ಯೂಸಿಯಂ ಬದುಕುಳಿದವರದ್ದು. ಸರ್ಕಾರದ ದುಡ್ಡಾಗಲಿ ಕಂಪನಿಗಳ ದುಡ್ಡಾಗಲಿ ಬೇಡವೆಂದು ತೀರ್ಮಾನಿಸಿಯೇ ಅದನ್ನು ಕಟ್ಟಿದರು. ಅಲ್ಲಿ ವಸ್ತುಗಳ ಪಕ್ಕದಲ್ಲಿ ಹಳೇ ಕಾಲದ ಟೆಲಿಫೋನ್ ರಿಸೀವರ್‌ಗಳಿವೆ. ಎತ್ತಿ ಕಿವಿಗಿಟ್ಟುಕೊಂಡರೆ ಆ ವಸ್ತು ಕೊಟ್ಟವರೇ ಮಾತಾಡುತ್ತಾರೆ. ಕೇಳುವವನು ಒಬ್ಬನೇ, ಹೇಳುವವರು ಒಬ್ಬರೇ. ನಡುವೆ ಗೈಡ್ ಇಲ್ಲ, ಮಂತ್ರಿಯ ಸಂದೇಶವಿಲ್ಲ. ಯಾರ ತಪ್ಪು ಎಂಬ ಪ್ರಶ್ನೆಯನ್ನೂ ಇದು ಬಿಟ್ಟುಕೊಟ್ಟಿಲ್ಲ. ಇಲ್ಲಿಯವರೆಗಿನ ಪ್ರಯತ್ನಗಳಲ್ಲಿ ನನಗೆ ಇದೇ ಮೇಲೆಂದು ತೋರುತ್ತದೆ.

ಬೆಂಗಳೂರಿನ ದುರಂತಗಳ ಪಟ್ಟಿಯೂ ಸಣ್ಣದಲ್ಲ. 1981ರ ಫೆಬ್ರವರಿ 7ರಂದು ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಜನ ಸತ್ತರು, ಹೆಚ್ಚಿನವರು ಮಕ್ಕಳು. 1990ರಲ್ಲಿ ಎಚ್.ಎ.ಎಲ್. ವಿಮಾನ ನಿಲ್ದಾಣದ ಬಳಿ ವಿಮಾನ ಬಿದ್ದಾಗಲೂ 92. 2010ರಲ್ಲಿ ಕಾರ್ಲ್ಟನ್ ಟವರ್ಸ್ ಬೆಂಕಿಗೆ ಒಂಬತ್ತು ಮಂದಿ ಬಲಿಯಾದ ಮೇಲೆ ಕಳೆದುಕೊಂಡವರೇ ಸೇರಿ ‘ಬಿಯಾಂಡ್ ಕಾರ್ಲ್ಟನ್’ ಕಟ್ಟಿ, ಬೆಂಕಿ ಸುರಕ್ಷತೆಗಾಗಿ ದನಿಯೆತ್ತಿದರು. ಅದೇ ವರ್ಷ 158 ಜೀವ ತೆಗೆದ ಮಂಗಳೂರು ವಿಮಾನ ದುರಂತಕ್ಕೆ ಕೂಳೂರಿನ ಬಳಿ ಸ್ಮಾರಕವಿದೆ. ಮೇ 22ರಂದು ಹೂವಿಡುತ್ತಾರೆ. ಮ್ಯೂಸಿಯಂ ಎನ್ನುವಂಥದ್ದು ಮಾತ್ರ ಇವಕ್ಕಿಲ್ಲ.

ಭೋಪಾಲದ ನಂತರ ಪರಿಸರ ಸಂರಕ್ಷಣಾ ಕಾಯಿದೆ 1986ರಲ್ಲಿ ಬಂತು. 1987ರಲ್ಲಿ ಕಾರ್ಖಾನೆ ಕಾಯಿದೆಗೆ ಅಪಾಯಕಾರಿ ಕೆಲಸಗಳ ಹೊಸ ಅಧ್ಯಾಯ ಸೇರಿತು. ಪ್ರತಿ ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನಕ್ಕೆ ಕಾರ್ಖಾನೆ ಗೇಟುಗಳಲ್ಲಿ ಬ್ಯಾನರ್ ಕಟ್ಟುತ್ತಾರೆ, ಪ್ರತಿಜ್ಞೆ ಓದಿಸುತ್ತಾರೆ, ಸ್ಲೋಗನ್ ಸ್ಪರ್ಧೆಗೆ ಸ್ಟೀಲ್ ಡಬ್ಬಿ ಬಹುಮಾನ. ಅದೇ ಕಾರ್ಖಾನೆಗಳ ಪ್ರೆಸ್ ಯಂತ್ರಗಳಲ್ಲಿ ಬೆರಳು ಕಳೆದುಕೊಂಡವರನ್ನು ಮಾತಾಡಿಸಿ ದನಿ ಹಿಡಿದಿಡಲು ಇಂದು ಒಂದು ಮೊಬೈಲ್ ಸಾಕು. ಸರ್ಕಸ್ಸಿಗೆ ಹೋಗಿ ಬಾರದ ಮಕ್ಕಳ ಅಣ್ಣತಮ್ಮಂದಿರು, ಅಕ್ಕತಂಗಿಯರು ಈಗ ಐವತ್ತರ ಆಚೀಚೆ ಇದ್ದಾರು, ತಾಯಿತಂದೆಯರಿಗೆ ವಯಸ್ಸಾಗಿದೆ. ಇಲ್ಲೂ ಇಂಥ ಮ್ಯೂಸಿಯಂ ಕೆಲಸ ಶುರು ಮಾಡುವುದಾದರೆ ಕಟ್ಟಡಕ್ಕೆ ಜಾಗ ಹುಡುಕುವ ಮೊದಲು ಅವರ ಮನೆಗಳಿಗೆ ಹೋಗಬೇಕು.