ದೃಶ್ಯಕ್ಕಾಗಿ ಜೀವ ಪಣಕ್ಕಿಟ್ಟವರ ಕಥೆ: ‘ದಿ ಸ್ಟಂಟ್ ಮ್ಯಾನ್’

ಚಿತ್ರೀಕರಣದ ವೇಳೆ ಸ್ಟಂಟ್ ಕಲಾವಿದನೊಬ್ಬ ನೀರಿನಲ್ಲಿ ಮುಳುಗಿ ಸಾಯುತ್ತಾನೆ. ಆ ಸಾವನ್ನು ಮರೆಮಾಚಲು ನಿರ್ದೇಶಕ ಅವನ ಜಾಗದಲ್ಲಿ ಅಪರಿಚಿತನೊಬ್ಬನನ್ನು ನಿಲ್ಲಿಸುತ್ತಾನೆ. ಹಾಗೆ ನಿಂತವನನ್ನು ಬೇಗನೆ ಒಂದು ಶಂಕೆ ಕಾಡತೊಡಗುತ್ತದೆ: ಒಂದು ಒಳ್ಳೆಯ ದೃಶ್ಯಕ್ಕಾಗಿ ಈ ನಿರ್ದೇಶಕ ತನ್ನನ್ನೂ ಬಲಿ ಕೊಟ್ಟಾನೆಯೇ? 1980ರಲ್ಲಿ ತೆರೆಕಂಡ ಹಾಲಿವುಡ್ ಚಿತ್ರ ‘ದಿ ಸ್ಟಂಟ್ ಮ್ಯಾನ್’ನ ತಿರುಳು ಇದು.

ರಿಚರ್ಡ್ ರಷ್ ನಿರ್ದೇಶನದ ಈ ಚಿತ್ರಕ್ಕೆ ಆಧಾರ ಪಾಲ್ ಬ್ರೋಡರ್ ಅವರು 1970ರಲ್ಲಿ ಪ್ರಕಟಿಸಿದ ಅದೇ ಹೆಸರಿನ ಕಾದಂಬರಿ. ನಿರ್ದೇಶಕ ಈಲೈ ಕ್ರಾಸ್ ಪಾತ್ರದಲ್ಲಿ ಪೀಟರ್ ಓ'ಟೂಲ್, ಪಲಾಯನಗೈದ ಯುವಕ ಕ್ಯಾಮರಾನ್ ಆಗಿ ಸ್ಟೀವ್ ರೈಲ್ಸ್‌ಬ್ಯಾಕ್, ನಾಯಕಿ ನೀನಾ ಆಗಿ ಬಾರ್ಬರಾ ಹರ್ಷಿ ಅಭಿನಯಿಸಿದ್ದಾರೆ.

ಕಥಾಸಾರ

ಕ್ಯಾಮರಾನ್ ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕ. ಪೊಲೀಸರಿಂದ ತಪ್ಪಿಸಿಕೊಂಡು ಓಡುತ್ತ ಸೇತುವೆಯೊಂದನ್ನು ತಲುಪುತ್ತಾನೆ. ಹಳೆಯ ಡ್ಯೂಸೆನ್‌ಬರ್ಗ್ ಕಾರೊಂದು ಅವನತ್ತ ನುಗ್ಗಿ ಬರುತ್ತದೆ. ಅವನು ಪಾರಾಗುತ್ತಾನೆ, ಕಾರು ನದಿಯ ಪಾಲಾಗುತ್ತದೆ. ತಲೆಯ ಮೇಲೆ ಹೆಲಿಕಾಪ್ಟರ್, ಅದರೊಳಗೆ ನಿರ್ದೇಶಕ. ಅಲ್ಲಿ ನಡೆಯುತ್ತಿದ್ದುದು ಮೊದಲ ಮಹಾಯುದ್ಧದ ಕಥೆಯುಳ್ಳ ಚಿತ್ರವೊಂದರ ಚಿತ್ರೀಕರಣ.

ಕಾರಿನಲ್ಲಿದ್ದ ಕಲಾವಿದ ಸತ್ತನೆಂದು ತಿಳಿದರೆ ಚಿತ್ರೀಕರಣ ನಿಲ್ಲುತ್ತದೆ. ಕ್ಯಾಮರಾನ್‌ಗೆ ಬೇಕಿರುವುದು ಅಡಗುತಾಣ, ಕ್ರಾಸ್‌ಗೆ ಬೇಕಿರುವುದು ಸತ್ತವನ ಜಾಗಕ್ಕೊಬ್ಬ ಮನುಷ್ಯ. ಪರಸ್ಪರರ ಗುಟ್ಟಿನ ಮೇಲೆ ಒಪ್ಪಂದ ಕುದುರುತ್ತದೆ. ಆದರೆ ಸತ್ತವನು ಮುಳುಗಿದ ಅದೇ ದೃಶ್ಯವನ್ನು, ಅದೇ ಸೇತುವೆಯ ಮೇಲೆ ಕ್ಯಾಮರಾನ್ ಮತ್ತೆ ಮಾಡಿ ತೋರಿಸಬೇಕಾದ ದಿನ ಬರುತ್ತದೆ. ಕ್ರಾಸ್ ಕಾಪಾಡುವವನೋ, ಕೊಲ್ಲುವವನೋ ಎಂಬುದು ಪ್ರೇಕ್ಷಕನಿಗೂ ಕಡೆಯವರೆಗೆ ತಿಳಿಯದು. ಕ್ಯಾಮರಾನ್ ಬದುಕಿ ನೀರಿನಿಂದ ಮೇಲೆ ಬಂದ ನಂತರ ಚಿತ್ರ ಮುಗಿಯುವುದು ಸಂಭಾವನೆಯ ಚೌಕಾಶಿಯೊಂದಿಗೆ.

ತೆರೆಯ ಹಿಂದೆ

ಈ ಚಿತ್ರವನ್ನು ತೆರೆಗೆ ತರಲು ರಷ್ ಸುಮಾರು ಒಂದು ದಶಕವನ್ನೇ ವ್ಯಯಿಸಬೇಕಾಯಿತು. ಇದು ಹಾಸ್ಯವೋ, ರೋಮಾಂಚಕ ಕಥೆಯೋ, ಪ್ರೇಮಕಥೆಯೋ ಎಂಬುದು ಸ್ಟುಡಿಯೋಗಳಿಗೆ ಬಗೆಹರಿಯಲಿಲ್ಲ. ಕೊನೆಗೆ ಬಂಡವಾಳ ಹೂಡಿದವರು ಶಾಪಿಂಗ್ ಮಾಲ್‌ಗಳ ಉದ್ಯಮಿ ಮೆಲ್ವಿನ್ ಸೈಮನ್. ಕ್ಯಾಲಿಫೋರ್ನಿಯಾದ ಕೊರೊನಾಡೊದಲ್ಲಿರುವ ಹೋಟೆಲ್ ಡೆಲ್ ಕೊರೊನಾಡೊ ಚಿತ್ರದ ಪ್ರಮುಖ ತಾಣ. ಸಾಹಸ ನಿರ್ದೇಶಕನ ಪಾತ್ರವನ್ನು ನಿರ್ವಹಿಸಿದವರು ನಿಜಜೀವನದಲ್ಲೂ ಸ್ಟಂಟ್ ಕಲಾವಿದರಾಗಿದ್ದ ಚಕ್ ಬೇಲ್.

ಚಿತ್ರವು ಉತ್ತಮ ನಿರ್ದೇಶಕ, ಉತ್ತಮ ನಟ ಹಾಗೂ ಉತ್ತಮ ಚಿತ್ರಕಥೆ ವಿಭಾಗಗಳಲ್ಲಿ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು. ಮೂರರಲ್ಲಿ ಒಂದೂ ದಕ್ಕಲಿಲ್ಲ. ಡೊಮಿನಿಕ್ ಫ್ರಾಂಟಿಯರ್ ಸಂಗೀತಕ್ಕೆ ಗೋಲ್ಡನ್ ಗ್ಲೋಬ್ ಲಭಿಸಿತು. ರಷ್ ಆನಂತರ ನಿರ್ದೇಶಿಸಿದ ಕಥಾಚಿತ್ರ 1994ರ ‘ಕಲರ್ ಆಫ್ ನೈಟ್’ ಒಂದೇ. ಓ'ಟೂಲ್ 2013ರಲ್ಲಿ, ರಷ್ 2021ರಲ್ಲಿ ನಿಧನರಾದರು.

ಕಥೆಯಾಚೆಗಿನ ವಾಸ್ತವ

ಸ್ಟಂಟ್ ಕಲಾವಿದರ ಲೋಕವನ್ನು ಕೊಲೆಯ ನೆರಳಿನಲ್ಲಿ ತೋರಿಸಿದ ಚಿತ್ರ ಇದೊಂದೇ ಅಲ್ಲ. 1977ರ ‘ಸ್ಟಂಟ್ಸ್’ ಹಾಗೂ 2024ರ ‘ದಿ ಫಾಲ್ ಗೈ’ ಇದೇ ಸಾಲಿಗೆ ಸೇರುತ್ತವೆ. ಆದರೆ ‘ದಿ ಸ್ಟಂಟ್ ಮ್ಯಾನ್’ ಕೇಳುವ ಪ್ರಶ್ನೆ ಬೇರೆ. ಅಪಾಯ ಗೊತ್ತಿದ್ದೂ ‘ಆ್ಯಕ್ಷನ್’ ಎಂದು ಕೂಗಿದರೆ ಆ ಸಾವಿಗೆ ಆಕಸ್ಮಿಕವೆನ್ನಬೇಕೇ, ಬೇರೆ ಹೆಸರಿಡಬೇಕೇ?

ಈ ಪ್ರಶ್ನೆ ಕನ್ನಡಿಗರಿಗೆ ದೂರದ್ದಲ್ಲ. 2016ರ ನವೆಂಬರ್ 7ರಂದು ಬೆಂಗಳೂರಿನ ಹೊರವಲಯದ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿಗುಡಿ’ ಚಿತ್ರೀಕರಣ ನಡೆದಿತ್ತು. ಹೆಲಿಕಾಪ್ಟರ್‌ನಿಂದ ನೀರಿಗೆ ಜಿಗಿದ ಖಳನಟರಾದ ಅನಿಲ್ ಮತ್ತು ಉದಯ್ ಮುಳುಗಿ ಮೃತಪಟ್ಟರು. ಅವರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಜೊತೆಗೆ ಜಿಗಿದ ನಾಯಕನಟ ವಿಜಯ್ ಬದುಕುಳಿದರು. ಪೊಲೀಸರು ಚಿತ್ರತಂಡದವರ ವಿರುದ್ಧ ಪ್ರಕರಣ ದಾಖಲಿಸಿದರು. 2021ರ ಆಗಸ್ಟ್‌ನಲ್ಲಿ ಬಿಡದಿ ಸಮೀಪ ‘ಲವ್ ಯು ರಚ್ಚು’ ಚಿತ್ರೀಕರಣದ ವೇಳೆ ವಿದ್ಯುತ್ ಆಘಾತಕ್ಕೆ ಸಾಹಸ ಕಲಾವಿದರೊಬ್ಬರು ಬಲಿಯಾದರು. 2025ರ ಜುಲೈನಲ್ಲಿ ತಮಿಳುನಾಡಿನಲ್ಲಿ ಕಾರು ಉರುಳಿಸುವ ದೃಶ್ಯದಲ್ಲಿ ಮತ್ತೊಬ್ಬ ಕಲಾವಿದರು ಪ್ರಾಣ ಕಳೆದುಕೊಂಡರು.

ಡ್ಯೂಪ್ ಕಲಾವಿದನ ಕೆಲಸದ ನಿಯಮವೇ ತನ್ನ ಮುಖ ಕಾಣದಂತೆ ನೋಡಿಕೊಳ್ಳುವುದು. ಹೀಗಾಗಿ ಮನ್ನಣೆಯೂ ತಡವಾಗಿಯೇ ಬಂದಿದೆ. ಭಾರತದ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಸಾಹಸ ನಿರ್ದೇಶನಕ್ಕೆ ಸ್ಥಾನ ದೊರೆತದ್ದು 2017ರಲ್ಲಿ. 2018ರ ಸಾಲಿನ ಆ ಪ್ರಶಸ್ತಿ ಕನ್ನಡದ ‘ಕೆಜಿಎಫ್ ಚಾಪ್ಟರ್ 1’ ಪಾಲಾಯಿತು. 2027ರಲ್ಲಿ ಬಿಡುಗಡೆಯಾಗುವ ಚಿತ್ರಗಳಿಂದ ಸ್ಟಂಟ್ ವಿನ್ಯಾಸಕ್ಕೂ ಪ್ರಶಸ್ತಿ ನೀಡುವುದಾಗಿ ಆಸ್ಕರ್ ಅಕಾಡೆಮಿ 2025ರ ಏಪ್ರಿಲ್‌ನಲ್ಲಿ ಪ್ರಕಟಿಸಿತು.

ಪ್ರಶಸ್ತಿ ಗೌರವ ತರುತ್ತದೆ, ಜೀವ ಉಳಿಸುವುದಿಲ್ಲ. ಜೀವ ಉಳಿಸುವುದು ಲೈಫ್ ಜಾಕೆಟ್, ರಕ್ಷಣಾ ದೋಣಿ, ಸಿದ್ಧವಾಗಿ ನಿಂತ ಆಂಬುಲೆನ್ಸ್ ಮತ್ತು ‘ಬೇಡ’ ಎನ್ನುವ ಧೈರ್ಯವುಳ್ಳ ಒಬ್ಬ ಮನುಷ್ಯ. ಈಲೈ ಕ್ರಾಸ್‌ನ ಚಿತ್ರತಂಡದಲ್ಲಿ ಕಾಣದೇ ಹೋದದ್ದು ಆ ಧೈರ್ಯ.