ಸರಸ್-3 ರೇಡಿಯೊ ದೂರದರ್ಶಕ

ವಿಶ್ವದ ಮೊದಲ ನಕ್ಷತ್ರಗಳು ಬೆಳಗಿದ ಕಾಲದ ಕ್ಷೀಣ ರೇಡಿಯೊ ಸಂಕೇತವನ್ನು ಹುಡುಕುವ ದೂರದರ್ಶಕ. ಉತ್ತರ ಬೆಂಗಳೂರಿನ ಮೇಖ್ರಿ ವೃತ್ತದ ಸಮೀಪ, ಸದಾಶಿವನಗರದಲ್ಲಿರುವ ರಾಮನ್ ಸಂಶೋಧನಾ ಸಂಸ್ಥೆ (ಸ್ಥಾಪನೆ 1948) ಇದನ್ನು ವಿನ್ಯಾಸಗೊಳಿಸಿ ನಿರ್ಮಿಸಿತು.

ತತ್ತ್ವ: ತಟಸ್ಥ ಹೈಡ್ರೋಜನ್ ಪರಮಾಣುಗಳು 21 ಸೆಂ.ಮೀ. ತರಂಗದೂರದ ಅಲೆಗಳನ್ನು ಹೊಮ್ಮಿಸುತ್ತವೆ, ಹೀರುತ್ತವೆ. ವಿಶ್ವ ಹಿಗ್ಗಿದಂತೆ ಆದಿಕಾಲದ ಈ ಅಲೆಗಳು ಹಲವು ಮೀಟರ್ ಉದ್ದಕ್ಕೆ ಹಿಗ್ಗಿ, ಎಫ್‌ಎಂ ಬಾನುಲಿಯ ಆಸುಪಾಸಿನ ಆವರ್ತಾಂಕದಲ್ಲಿ ಭೂಮಿಯನ್ನು ತಲುಪುತ್ತವೆ.

ವೀಕ್ಷಣೆ: ಇಂಥ ಸಂಕೇತ 78 ಮೆಗಾಹರ್ಟ್ಸ್ ಬಳಿ ಕಂಡಿತೆಂದು ಆಸ್ಟ್ರೇಲಿಯಾದಲ್ಲಿ ನಡೆದ 'ಎಡ್ಜಸ್' ಪ್ರಯೋಗದ ತಂಡ 2018ರಲ್ಲಿ ಪ್ರಕಟಿಸಿತು. ಅದರ ಪರಿಶೀಲನೆಗೆ 2020ರ ಆರಂಭದಲ್ಲಿ ಸರಸ್-3 ಅನ್ನು ದಂಡಿಗಾನಹಳ್ಳಿ ಕೆರೆ ಮತ್ತು ಶರಾವತಿ ಹಿನ್ನೀರಿನಲ್ಲಿ ತೆಪ್ಪದ ಮೇಲೆ ತೇಲಿಬಿಡಲಾಯಿತು. ನೆಲದಡಿಯ ಮಣ್ಣು, ಕಲ್ಲುಗಳ ಪದರಗಳು ಆಂಟೆನಾದ ಅಳತೆಯನ್ನು ಕೆಡಿಸುತ್ತವೆ. ಏಕರೂಪದ ನೀರು ಆ ದೋಷವನ್ನು ತಗ್ಗಿಸುತ್ತದೆ.

ಫಲಿತಾಂಶ: 2022ರಲ್ಲಿ 'ನೇಚರ್ ಅಸ್ಟ್ರಾನಮಿ'ಯಲ್ಲಿ ಪ್ರಕಟವಾದ ವಿಶ್ಲೇಷಣೆಯು ಎಡ್ಜಸ್ ಸಂಕೇತವನ್ನು ಶೇ 95.3 ವಿಶ್ವಾಸಮಟ್ಟದಲ್ಲಿ ತಳ್ಳಿಹಾಕಿತು. ಅದೇ ವರ್ಷ ಇದೇ ದತ್ತಾಂಶದಿಂದ, ಮಹಾಸ್ಫೋಟದ ಸುಮಾರು 20 ಕೋಟಿ ವರ್ಷಗಳ ನಂತರದ ಗೆಲಾಕ್ಸಿಗಳ ರೇಡಿಯೊ ಪ್ರಖರತೆಗೆ ಗರಿಷ್ಠ ಮಿತಿಯನ್ನೂ ಅಂದಾಜಿಸಲಾಯಿತು.