ಬೆಳ್ಳಿಮೋಡದ ತೊಟ್ಟಿಲು

ಮನಸ್ಸಿಗೆ ಅಗುಳಿ ಹಾಕಿಕೊಂಡ ಒಬ್ಬ ಹೆಣ್ಣು, ಒಬ್ಬ ಗಂಡು. ಅವರ ನಡುವೆ ಒಂದು ಹಸುಗೂಸು. ಅದರ ಹಾಲು, ಜ್ವರ, ನಿದ್ದೆಗಳ ನೆಪದಲ್ಲಿ ಇಬ್ಬರೂ ಹತ್ತಿರವಾಗಿ ಕೊನೆಗೆ ಮದುವೆಯ ಚಪ್ಪರ. ಪ್ರಣಯ ಕಾದಂಬರಿಗಳ ಹಳೆಯ ಉಪಾಯವಿದು. ಎಲ್ಲ ದೇಶಗಳಲ್ಲಿಯೂ ಸಲ್ಲುವಂಥದು. ಮೈಸೂರಿನ ತ್ರಿವೇಣಿಯವರೂ ಇಂಥದೇ ಸಾಮಗ್ರಿಯನ್ನು ಕೈಗೆತ್ತಿಕೊಂಡರು. ಆದರೆ ಅವರ ‘ಬೆಳ್ಳಿಮೋಡ’ದಲ್ಲಿ ಕೂಸು ಪ್ರೇಮಿಗಳನ್ನು ಕೂಡಿಸುವುದಿಲ್ಲ, ಅಗಲಿಸುತ್ತದೆ.

1967ರಲ್ಲಿ ಪುಟ್ಟಣ್ಣ ಕಣಗಾಲರು ಇದನ್ನು ಚಲನಚಿತ್ರವಾಗಿಸಿದರು. ಕನ್ನಡದಲ್ಲಿ ಅವರು ನಿರ್ದೇಶಿಸಿದ ಮೊದಲ ಚಿತ್ರ ಅದು. ಕಲ್ಪನಾ, ಕಲ್ಯಾಣ್ ಕುಮಾರರ ಮುಖಗಳೇ ಅಂದಿನಿಂದ ಇಂದಿರೆಯ, ಮೋಹನನ ಮುಖಗಳಾಗಿಬಿಟ್ಟವು. ಬೆಟ್ಟ, ಮೋಡ, ಹಾಡುಗಳ ನೆನಪಿನಲ್ಲಿ ತೊಟ್ಟಿಲು ಮಾತ್ರ ಕೊಂಚ ಮರೆಗೆ ಸರಿಯಿತೆಂದು ನನ್ನ ಭಾವನೆ.

ಕಥೆ ಗೊತ್ತಿದ್ದದ್ದೇ. ಚಿಕ್ಕಮಗಳೂರಿನ ಕಡೆಯ ತೋಟದ ಒಡೆಯರು ಸದಾಶಿವರಾಯರು. ಒಬ್ಬಳೇ ಮಗಳು ಇಂದಿರೆ. ಅವಳಿಗೆ ಗೊತ್ತಾದ ವರ ಮೋಹನ ರಾಯರ ನೆರವಿನಿಂದಲೇ ಅಮೆರಿಕಕ್ಕೆ ಓದಲು ಹೋದವನು. ಈ ನಡುವೆ, ಯಾರೂ ಎಣಿಸದಿದ್ದ ವೇಳೆಯಲ್ಲಿ, ಮನೆಯಲ್ಲಿ ಗಂಡು ಮಗು ಹುಟ್ಟುತ್ತದೆ. ಆಸ್ತಿಗೆ ವಾರಸುದಾರ ಬಂದ. ಮೋಹನನ ಪ್ರೀತಿ ಇಳಿಯಿತು.

ಈ ಲೆಕ್ಕವನ್ನು ಅಂದಿನ ಓದುಗರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೈಸೂರು ಸಂಸ್ಥಾನ 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳಿಗಾಗಿ ಕಾನೂನು ಮಾಡಿತ್ತು. ಅಕ್ಕಪಕ್ಕದವರಿಗಿಂತ ನಾವು ಮುಂದೆಂದು ಹೆಮ್ಮೆಪಡುವಂತಹ ಕಾನೂನೇ. ಆದರೂ ಅವಿಭಕ್ತ ಕುಟುಂಬದ ಪಾಲಾದಾಗ ಮದುವೆಯಾಗದ ಹೆಣ್ಣಿಗೆ ಅದು ಕೊಟ್ಟದ್ದು ಒಬ್ಬ ಸೋದರನ ಪಾಲಿನ ನಾಲ್ಕರಲ್ಲೊಂದು. ಉಯಿಲಿಲ್ಲದೆ ತೀರಿಕೊಂಡ ತಂದೆಯ ಸ್ವಂತ ಆಸ್ತಿಯಲ್ಲಿ ಮಗಳಿಗೂ ಸಮಪಾಲೆಂದು 1956ರ ಕಾನೂನು ಹೇಳಿತು. ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಬರುವ ಹಕ್ಕಿಗೆ ಕರ್ನಾಟಕದ ಹೆಣ್ಣುಮಕ್ಕಳು 1994ರವರೆಗೆ, ಅಷ್ಟರಲ್ಲಿ ಮದುವೆಯಾಗಿದ್ದವರು 2005ರವರೆಗೆ ಕಾದರು. ಅಣ್ಣತಮ್ಮಂದಿರಿಲ್ಲದ ಹುಡುಗಿಗೆ ವರಗಳು ಹುಡುಕಿಕೊಂಡು ಬರುತ್ತಿದ್ದುದು ಸುಮ್ಮನೆಯೇ? ತಮ್ಮನ ಒಂದು ಅಳು ಇಂದಿರೆಯ ಬೆಲೆಯನ್ನು ಒಂದೇ ದಿನದಲ್ಲಿ ಇಳಿಸಿಬಿಡುತ್ತದೆ.

ಇಂಥ ಕೂಸನ್ನು ಅವಳು ದ್ವೇಷಿಸಬಹುದಿತ್ತು. ಇನ್ನೊಬ್ಬ ಲೇಖಕರಾಗಿದ್ದರೆ ಆ ದ್ವೇಷ, ಅದರ ಪಶ್ಚಾತ್ತಾಪ ಎರಡನ್ನೂ ಪುಟಗಟ್ಟಲೆ ಬೆಳೆಸುತ್ತಿದ್ದರೇನೋ. ತ್ರಿವೇಣಿ ಹಾಗೆ ಮಾಡುವುದಿಲ್ಲ. ತಾಯಿ ಕಣ್ಮುಚ್ಚಿದ ಮೇಲೆ ಇಂದಿರೆ ತಮ್ಮನಿಗೆ ತಾಯಿಯಾಗುತ್ತಾಳೆ. ತನ್ನ ಮದುವೆಯನ್ನು ಮುರಿದ ಮಗುವನ್ನೇ ಎತ್ತಿ ಆಡಿಸುವ ಆ ಕೈಗಳಲ್ಲಿ ತ್ಯಾಗದ ಆಡಂಬರವಿಲ್ಲ. ಮುಂದೆ ಅಪಘಾತಕ್ಕೆ ಸಿಕ್ಕಿದ ಮೋಹನ ಅದೇ ಮನೆಗೆ ಬಂದು ಬೀಳುತ್ತಾನೆ. ಅವಳು ಶುಶ್ರೂಷೆ ಮಾಡುತ್ತಾಳೆ. ಅವನಿಗೆ ಈಗ ನಿಜವಾಗಿಯೇ ಪ್ರೀತಿ ಹುಟ್ಟುತ್ತದೆ. ಅವಳು ಒಲ್ಲೆನೆನ್ನುತ್ತಾಳೆ. ‘ಕ್ಷಮಿಸಬಾರದಿತ್ತೆ?’ ಎಂದು ಕೇಳಿದ ಓದುಗರು ಇದ್ದಾರೆ. ಕ್ಷಮಿಸದೆ ಶುಶ್ರೂಷೆ ಮಾಡಿಯಾಳೆ? ಕ್ಷಮೆ ಬೇರೆ, ಕೈಹಿಡಿಯುವುದು ಬೇರೆ. ಈ ಎರಡನ್ನೂ ಕಲಸದೆ ಬಿಟ್ಟದ್ದರಲ್ಲೇ ಕಾದಂಬರಿಯ ಬಿಗಿ ಇದೆ.

ಮನಸ್ಸಿನ ಇಂಥ ಎಳೆಗಳನ್ನು ಬಿಡಿಸುವುದು ತ್ರಿವೇಣಿಯವರಿಗೆ ಓದಿನಿಂದಲೂ ಬಂದದ್ದು. 1928ರಲ್ಲಿ ಹುಟ್ಟಿದ ಅವರ ಹೆಸರು ಅನಸೂಯಾ, ಬಿ. ಎಂ. ಶ್ರೀಕಂಠಯ್ಯನವರ ಮನೆತನದವರು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿದರು. ಚಾಮರಾಜಪುರಂನ ಸಂಸಾರ, ಬೆನ್ನುಬಿಡದ ಉಬ್ಬಸ. ಇವುಗಳ ನಡುವೆಯೇ 1953ರ ‘ಅಪಸ್ವರ’ದಿಂದ ಹತ್ತು ವರ್ಷಗಳಲ್ಲಿ ಇಪ್ಪತ್ತು ಕಾದಂಬರಿಗಳನ್ನು ಬರೆದರು. ಹೆರಿಗೆಯ ಬಳಿಕ ಮನಸ್ಸು ಕದಡಿದ ಹೆಣ್ಣಿನ ಕಥೆಯಾದ ‘ಶರಪಂಜರ’ವೂ ಅವರದೇ.

ಮಗುವಿಗಾಗಿ ಅವರೂ ಹಂಬಲಿಸಿದ್ದರು. ಗರ್ಭ ನಿಲ್ಲದ ನೋವನ್ನು ಒಂದಕ್ಕಿಂತ ಹೆಚ್ಚು ಸಲ ಉಂಡಿದ್ದರು. ಕಾದಂಬರಿಗೆ ಅದನ್ನು ಕೀಲಿಕೈಯಾಗಿಸುವುದು ಸರಿಯಲ್ಲ. ಆದರೂ ಇಂದಿರೆ ತಮ್ಮನನ್ನು ಮಡಿಲಿಗೆ ತೆಗೆದುಕೊಳ್ಳುವಾಗ ಆ ನೆನಪು ಬಾರದೆ ಇರದು. 1963ರ ಜುಲೈಯಲ್ಲಿ ತ್ರಿವೇಣಿಯವರಿಗೆ ಹೆಣ್ಣು ಮಗು ಹುಟ್ಟಿತು. ಅದೇ ತಿಂಗಳ 29ರಂದು, ಕೂಸಿಗೆ ಹತ್ತು ದಿನವಾಗಿದ್ದಾಗ, ಅವರು ತೀರಿಕೊಂಡರು. ಅವರಿಗೆ ಇನ್ನೂ 35 ತುಂಬಿರಲಿಲ್ಲ.